ಇಮಾಮರ ಪಿಂಚಣಿ: ಬಿಟ್ಟು ಬಂದವರಿಗೆ ಮರಳಿ ದಾರಿ ಉಂಟೇ?

ಮೂವತ್ತು ವರ್ಷ ಮಿಹ್ರಾಬಿನಲ್ಲಿ ನಿಂತು ನಮಾಝಿಗೆ ನೇತೃತ್ವ ಕೊಟ್ಟ ಒಬ್ಬ ಇಮಾಮರಿಗೆ ಸ್ವರ ಕುಗ್ಗಿದ ಮೇಲೆ, ಮೊಣಕಾಲು ಮಡಚಲಾಗದ ಮೇಲೆ ಜೀವನೋಪಾಯವೇನು? ಅವರು ತೀರಿಕೊಂಡರೆ ಮಡದಿ ಮಕ್ಕಳ ಗತಿಯೇನು? ಹೊಸ ಇಮಾಮರನ್ನು ನೇಮಿಸುವಾಗ ಕಿರಾಅತ್ ಚೆನ್ನಾಗಿದೆಯೇ, ಖುತುಬಾ ಹೇಗೆ, ಮಕ್ಕಳಿಗೆ ಪಾಠ ಹೇಳುತ್ತಾರೆಯೇ ಎಂದು ಜಮಾಅತಿನವರು ಹತ್ತು ಸಲ ವಿಚಾರಿಸುತ್ತಾರೆ. ಮೇಲಿನ ಎರಡು ಪ್ರಶ್ನೆಗಳನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೇಳಬೇಕಾದವರು ಸಭೆಯಲ್ಲಿ ಇರುವುದೂ ಇಲ್ಲ. ಅವರು ಮಸೀದಿಯ ಹಿಂದಿನ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಅನ್ನ ಬೇಯಿಸುತ್ತಿರುತ್ತಾರೆ.

ಅಮೆರಿಕದಲ್ಲಿ ಈ ಪ್ರಶ್ನೆಗೆ ಕಾನೂನು ಒಂದು ಉತ್ತರ ಕೊಟ್ಟಿದೆ. ಅಲ್ಲಿನ ಚರ್ಚಿನ ಪಾದ್ರಿ, ಯಹೂದಿಗಳ ರಬ್ಬಿ, ಮಸೀದಿಯ ಇಮಾಮ್ ಎಲ್ಲರೂ ಸರಕಾರದ ಸಾಮಾಜಿಕ ಭದ್ರತೆಯ ವ್ಯವಸ್ಥೆಗೆ ಸೇರಿದವರೇ. ದುಡಿಯುವಾಗ ಅದಕ್ಕೆ ತೆರಿಗೆ ಕಟ್ಟುತ್ತಾರೆ, ವಯಸ್ಸಾದ ಮೇಲೆ ಪಿಂಚಣಿ ಪಡೆಯುತ್ತಾರೆ. ಆದರೆ ಧರ್ಮಗುರುಗಳಿಗೆ ಮಾತ್ರ ಇನ್ನೊಂದು ಅವಕಾಶವೂ ಉಂಟು. "ನನ್ನ ಧರ್ಮದ ನಂಬಿಕೆಗೆ ಇದು ಸರಿಹೊಂದುವುದಿಲ್ಲ" ಎಂದು ಬರೆದುಕೊಟ್ಟು ಅವರು ತೆರಿಗೆಯಿಂದಲೂ ಪಿಂಚಣಿಯಿಂದಲೂ ಹೊರಗೆ ಬರಬಹುದು. ಹಾಗೆ ಬಂದವರು ಹತ್ತಿಪ್ಪತ್ತು ವರ್ಷಗಳ ನಂತರ ಮನಸ್ಸು ಬದಲಿಸಿದರೆ ಮರಳಿ ಸೇರಬಹುದೇ? ಈ ಲೇಖನ ಅದರ ಬಗ್ಗೆ.

ಅಮೆರಿಕದ ಸುದ್ದಿ ನಮಗೇಕೆ ಎಂದು ನೀವು ಕೇಳಬಹುದು. ಭಾರತದಿಂದ ಹೋದ ಆಲಿಮರು, ಹಾಫಿಝರು ಅಲ್ಲಿನ ಮಸೀದಿಗಳಲ್ಲಿ ಸೇವೆಯಲ್ಲಿದ್ದಾರೆ. ಅವರ ಮಡದಿಯರು ನಮ್ಮ ಮನೆಗಳಲ್ಲಿ ಬೆಳೆದ ಹೆಣ್ಣುಮಕ್ಕಳು. ಜೊತೆಗೆ, ಸರಕಾರದ ಪಿಂಚಣಿಯನ್ನು ದೂರವಿಡುವುದೇ ದೀನದಾರಿಕೆ ಎಂಬ ಅಭಿಪ್ರಾಯ ನಮ್ಮ ಊರುಗಳಲ್ಲೂ ಕೇಳಿಬರುತ್ತದೆ. ಅದು ಸರಿಯೇ ಎಂದು ನೋಡಲು ಅಮೆರಿಕದ ಈ ಕಾನೂನಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕಾನೂನು ಬಂದ ಬಗೆ

ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸಾಮಾಜಿಕ ಭದ್ರತೆಯ ಕಾನೂನಿಗೆ ಸಹಿ ಹಾಕಿದ್ದು 1935ರ ಆಗಸ್ಟ್ 14ರಂದು. ಆಗ ಧರ್ಮಗುರುಗಳನ್ನು ಅದರಲ್ಲಿ ಸೇರಿಸಿರಲಿಲ್ಲ. 1954ರ ತಿದ್ದುಪಡಿಯ ಪ್ರಕಾರ 1955ರಿಂದ ಇಷ್ಟವಿದ್ದವರು ಸೇರಬಹುದು ಎಂದಾಯಿತು. 1967ರ ತಿದ್ದುಪಡಿ ಇದನ್ನು ತಲೆಕೆಳಗು ಮಾಡಿತು. 1968ರಿಂದ ಎಲ್ಲಾ ಧರ್ಮಗುರುಗಳೂ ತಾವಾಗಿಯೇ ಸೇರಿದವರು. ಬೇಡವಾದವರು ಅರ್ಜಿ ಹಾಕಿ ಹೊರಗೆ ಬರಬೇಕು. ಕಾನೂನಿನ ಭಾಷೆಯಲ್ಲಿ ಬಳಕೆಯಾಗುವುದು 'ಚರ್ಚ್' ಎಂಬ ಪದವಾದರೂ ಮಸೀದಿ, ಮಂದಿರ, ಯಹೂದಿಗಳ ಸಿನಗಾಗ್ ಎಲ್ಲವೂ ಅದರಲ್ಲಿ ಸೇರುತ್ತವೆ ಎಂದು ಅಲ್ಲಿನ ತೆರಿಗೆ ಇಲಾಖೆ ಸ್ಪಷ್ಟಪಡಿಸಿದೆ.

ಹೊರಗೆ ಬರುವ ಅರ್ಜಿಯ ಹೆಸರು ಫಾರಂ 4361. ಧರ್ಮಸೇವೆಯಿಂದ ವರ್ಷಕ್ಕೆ 400 ಡಾಲರ್ ಅಥವಾ ಹೆಚ್ಚು ಸಂಪಾದಿಸಿದ ಎರಡನೆಯ ವರ್ಷದ ತೆರಿಗೆ ಲೆಕ್ಕ ಸಲ್ಲಿಸುವ ಕೊನೆಯ ದಿನದೊಳಗೆ ಅದನ್ನು ಹಾಕಬೇಕು. ಅಂದರೆ ಮಸೀದಿಗೆ ಸೇರಿದ ಮೊದಲ ಎರಡು ವರ್ಷಗಳಲ್ಲೇ ಹೆಚ್ಚಿನವರ ತೀರ್ಮಾನ ಆಗಿಹೋಗುತ್ತದೆ. ಆಗ ಅವರ ವಯಸ್ಸೆಷ್ಟು? ಇಪ್ಪತ್ತೈದು, ಮೂವತ್ತು. ಮದುವೆಯಾದ ಹೊಸತು, ಕೈಯಲ್ಲಿ ಸಣ್ಣ ಮಗು, ಬಾಡಿಗೆ ಕಟ್ಟಲು ಕಷ್ಟ. ಮುಪ್ಪಿನ ಯೋಚನೆ ಯಾರಿಗಿರುತ್ತದೆ?

ಅದರ ಮೇಲೆ ಒಂದು ದೊಡ್ಡ ಆಸೆಯೂ ಎದುರಿಗಿರುತ್ತದೆ. ಅಮೆರಿಕದಲ್ಲಿ ಸಾಮಾನ್ಯ ನೌಕರನ ಸಂಬಳದಿಂದ ಈ ಲೆಕ್ಕಕ್ಕೆ ಶೇ. 7.65 ಮುರಿದುಕೊಳ್ಳುತ್ತಾರೆ. ಅಷ್ಟನ್ನೇ ಮಾಲಕರೂ ಸೇರಿಸುತ್ತಾರೆ. ಧರ್ಮಗುರುಗಳ ವಿಷಯ ಹಾಗಲ್ಲ. ಮಸೀದಿಯಿಂದ ಸಂಬಳ ಪಡೆದರೂ ಈ ತೆರಿಗೆಯ ಮಟ್ಟಿಗೆ ಅವರು ಸ್ವಂತ ಉದ್ಯೋಗದವರು. ಎರಡೂ ಪಾಲು ಅವರೇ ಕಟ್ಟಬೇಕು, ಒಟ್ಟು ಶೇ. 15.3. ವಾಸಕ್ಕೆಂದು ಕೊಡುವ ಮನೆ ಭತ್ಯೆಗೆ ಆದಾಯ ತೆರಿಗೆಯ ವಿನಾಯಿತಿ ಇದ್ದರೂ ಈ ತೆರಿಗೆಯ ಲೆಕ್ಕದಲ್ಲಿ ಅದೂ ಬರುತ್ತದೆ. ವರ್ಷಕ್ಕೆ 40,000 ಡಾಲರ್ ಪಡೆಯುವ ಇಮಾಮರು ಸುಮಾರು 5,650 ಡಾಲರ್ ಕಟ್ಟಬೇಕಾಗುತ್ತದೆ. ಒಂದೂವರೆ ತಿಂಗಳಿಗೂ ಹೆಚ್ಚಿನ ಸಂಬಳ! ಆಗ ಪರಿಚಯದ ಯಾರೋ ಹೇಳುತ್ತಾರೆ: "ಒಂದು ಫಾರಂ ಇದೆ, ಸಹಿ ಹಾಕಿ, ಅಷ್ಟೂ ಹಣ ಉಳಿಯುತ್ತದೆ."

ಸಹಿ ಹಾಕುವುದು ಯಾವ ಮಾತಿಗೆ?

ಇಲ್ಲಿ ಸ್ವಲ್ಪ ನಿಲ್ಲೋಣ. ಆ ಫಾರಂನಲ್ಲಿ "ನನಗೆ ಹಣ ಉಳಿಸಬೇಕಾಗಿದೆ" ಎಂದು ಬರೆಯುವ ಜಾಗವಿಲ್ಲ. ಸಾವು, ಅಂಗವೈಕಲ್ಯ, ಮುಪ್ಪು, ನಿವೃತ್ತಿ, ಚಿಕಿತ್ಸೆ ಇವುಗಳಿಗಾಗಿ ಹಣ ಕೊಡುವ ಯಾವುದೇ ಸಾರ್ವಜನಿಕ ವಿಮೆಯನ್ನು ತನ್ನ ಧರ್ಮಸೇವೆಯ ಲೆಕ್ಕದಲ್ಲಿ ಸ್ವೀಕರಿಸುವುದಕ್ಕೆ ಮನಸ್ಸಾಕ್ಷಿಯ ಅಥವಾ ಧಾರ್ಮಿಕ ತತ್ವದ ಕಾರಣದಿಂದ ತಾನು ವಿರೋಧಿ ಎಂದು ಇಮಾಮರು ಘೋಷಿಸಬೇಕು. ತನ್ನನ್ನು ನೇಮಿಸಿದ ಧಾರ್ಮಿಕ ಸಂಸ್ಥೆಗೆ ಈ ವಿರೋಧವನ್ನು ತಿಳಿಸಿದ್ದೇನೆ ಎಂದೂ ಹೇಳಬೇಕು. ಸುಳ್ಳು ಹೇಳಿದರೆ ಶಿಕ್ಷೆಯುಂಟು ಎಂಬ ಎಚ್ಚರಿಕೆಯ ಕೆಳಗೆ ಸಹಿ. ಬಳಿಕ ತೆರಿಗೆ ಇಲಾಖೆಯು "ಯಾವ ಕಾರಣಕ್ಕೆ ವಿನಾಯಿತಿ ಎಂಬುದು ನಿಮಗೆ ತಿಳಿದಿದೆಯೇ?" ಎಂದು ಮತ್ತೊಂದು ಕಾಗದ ಕಳುಹಿಸಿ ಅದಕ್ಕೂ ಸಹಿ ಪಡೆಯುತ್ತದೆ.

ಹಾಗಿದ್ದರೆ ಹಣ ಉಳಿಸುವುದಕ್ಕಾಗಿ ಸಹಿ ಹಾಕಿದವರು ಏನು ಮಾಡಿದಂತಾಯಿತು? ದೀನಿನ ಹೆಸರಿನಲ್ಲಿ ಸುಳ್ಳು ಸಾಕ್ಷ್ಯ ಹೇಳಿದಂತಾಯಿತು. ಶುಕ್ರವಾರ ಮಿಂಬರಿನ ಮೇಲೆ ನಿಂತು ಸತ್ಯದ ಬಗ್ಗೆ ಮಾತನಾಡುವವರ ಸಹಿ ಅದು. ಇದು ಸಣ್ಣ ವಿಷಯವೆಂದು ನನಗನಿಸುವುದಿಲ್ಲ.

ಇನ್ನು, ನಿಜವಾಗಿಯೂ ಧಾರ್ಮಿಕ ವಿರೋಧ ಇರುವವರ ವಿಷಯ. ಅಮೆರಿಕದ ಕೆಲವು ಕ್ರೈಸ್ತ ಪಂಗಡಗಳಲ್ಲಿ ಅಂಥವರಿದ್ದಾರೆ. ಕುದುರೆಗಾಡಿಯಲ್ಲೇ ಓಡಾಡುವ ಆಮಿಶ್ ಜನರ ಬಗ್ಗೆ ನೀವು ಓದಿರಬಹುದು. ಸರಕಾರದ ನೆರವು ಬೇಡ, ನಮ್ಮ ಮುದುಕರನ್ನು ನಾವೇ ನೋಡಿಕೊಳ್ಳುತ್ತೇವೆ ಎಂಬುದು ಅವರ ನಂಬಿಕೆ. ಅವರಿಗಾಗಿ 1965ರಲ್ಲಿ ಬೇರೆಯೇ ವಿನಾಯಿತಿ ಬಂತು. ಅದು ಸಿಗಬೇಕಾದರೆ ಆ ಪಂಗಡ 1950ರ ಕೊನೆಯಿಂದಲೂ ನಿರಂತರವಾಗಿ ಇರಬೇಕು ಮತ್ತು ತನ್ನ ಆಶ್ರಿತರನ್ನು ತಾನೇ ಸಾಕುತ್ತಿರಬೇಕು. ಈ ಕೊನೆಯ ಷರತ್ತನ್ನು ಗಮನಿಸಿ. ಹೊರಗುಳಿಯುವ ಆಮಿಶ್ ವಿಧವೆಯ ಹಿಂದೆ ಇಡೀ ಸಮುದಾಯ ನಿಂತಿದೆ. ಫಾರಂ 4361ಕ್ಕೆ ಸಹಿ ಹಾಕಿದ ಇಮಾಮರ ಮಡದಿಯ ಹಿಂದೆ ಯಾರಿದ್ದಾರೆ? ಆ ಫಾರಂ ಅದನ್ನು ಕೇಳುವುದೇ ಇಲ್ಲ. ಮಡದಿಯ ಸಹಿಯನ್ನೂ ಕೇಳುವುದಿಲ್ಲ.

ಮಡದಿ ಮಕ್ಕಳು ಕಳೆದುಕೊಳ್ಳುವುದೇನು?

ಪಿಂಚಣಿ ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಬಿಳಿ ಗಡ್ಡದ ಮುದುಕರು. ಆದರೆ ಅಮೆರಿಕದ ಈ ವ್ಯವಸ್ಥೆಯಲ್ಲಿ ಮುಪ್ಪಿನ ಪಿಂಚಣಿ ಒಂದು ಭಾಗ ಮಾತ್ರ. 10 ವರ್ಷಗಳ ದುಡಿಮೆಯ, ಅಂದರೆ 40 ಅಂಶಗಳ ಲೆಕ್ಕ ತುಂಬಿದವರಿಗೆ 62ರಿಂದ ಕಡಿಮೆ ಮೊತ್ತ ಸಿಗುತ್ತದೆ. 1960ರಲ್ಲಿ ಅಥವಾ ನಂತರ ಹುಟ್ಟಿದವರಿಗೆ ಪೂರ್ತಿ ಮೊತ್ತ 67ರಲ್ಲಿ. ಮನೆಯಲ್ಲೇ ಇದ್ದು ಮಕ್ಕಳನ್ನು ಬೆಳೆಸಿದ, ಸ್ವಂತ ಸಂಪಾದನೆ ಒಂದು ಡಾಲರೂ ಇಲ್ಲದ ಮಡದಿಗೂ ಗಂಡನ ಲೆಕ್ಕದಲ್ಲಿ ಅರ್ಧದವರೆಗೆ ಬೇರೆಯಾಗಿ ಕೊಡುತ್ತಾರೆ. ಹತ್ತು ವರ್ಷ ಸಂಸಾರ ಮಾಡಿ ವಿಚ್ಛೇದನವಾದವಳಿಗೂ ಹಕ್ಕಿದೆ.

ಇನ್ನೊಂದು ಭಾಗ ಸಾವಿಗೆ ಸಂಬಂಧಿಸಿದ್ದು. ಒಬ್ಬ ಇಮಾಮರು 38ನೇ ವಯಸ್ಸಿನಲ್ಲಿ, ಆರು ಮತ್ತು ಒಂಬತ್ತು ವರ್ಷದ ಇಬ್ಬರು ಮಕ್ಕಳನ್ನು ಬಿಟ್ಟು ತೀರಿಕೊಂಡರು ಎಂದು ಭಾವಿಸಿ. ಅವರು ವ್ಯವಸ್ಥೆಯ ಒಳಗಿದ್ದು, ಕೊನೆಯ ಮೂರು ವರ್ಷಗಳಲ್ಲಿ ಒಂದೂವರೆ ವರ್ಷವಾದರೂ ದುಡಿದಿದ್ದರೆ ಸಾಕು. ಮಕ್ಕಳಿಗೆ 18 ತುಂಬುವ ತನಕ, ಶಾಲೆ ಮುಗಿಯದಿದ್ದರೆ 19ರ ತನಕ, ತಿಂಗಳು ತಿಂಗಳು ಹಣ ಬರುತ್ತದೆ. 16ಕ್ಕಿಂತ ಸಣ್ಣ ಮಗುವನ್ನು ನೋಡಿಕೊಳ್ಳುವ ತಾಯಿಗೂ ಬರುತ್ತದೆ. ಪ್ರತಿಯೊಬ್ಬರ ಪಾಲು ತಂದೆಗೆ ಸಿಗಬೇಕಾಗಿದ್ದ ಪೂರ್ಣ ಪಿಂಚಣಿಯ ಶೇ. 75; ಕುಟುಂಬಕ್ಕೆ ಒಟ್ಟು ಇಷ್ಟೇ ಎಂಬ ಮಿತಿ ಮಾತ್ರ ಉಂಟು. ಮಕ್ಕಳು ದೊಡ್ಡವರಾದ ಮೇಲೆ ನಿಲ್ಲುತ್ತದೆ, ತಾಯಿಗೆ 60 ಆದಾಗ ವಿಧವಾ ಪಿಂಚಣಿಯಾಗಿ ಮತ್ತೆ ಶುರುವಾಗುತ್ತದೆ. ಅದೇ ಇಮಾಮರು ಸಾಯದೆ ಪಾರ್ಶ್ವವಾಯು ಬಡಿದು ಮಲಗಿದರೆ ಅಂಗವೈಕಲ್ಯದ ಪಿಂಚಣಿ ಬೇರೆ. 65ರಲ್ಲಿ ಮೆಡಿಕೇರ್ ಎಂಬ ಚಿಕಿತ್ಸಾ ಸೌಲಭ್ಯದ ಆಸ್ಪತ್ರೆ ಭಾಗ ಉಚಿತವಾಗಿ ಸಿಗುವುದೂ ಇದೇ 40 ಅಂಶಗಳ ಲೆಕ್ಕದಲ್ಲಿ. ಲೆಕ್ಕವೇ ಇಲ್ಲದವರು ಅದನ್ನು ಹಣ ಕೊಟ್ಟು ಪಡೆಯಬೇಕು. 2025ರಲ್ಲಿ ಅದಕ್ಕೆ ತಲೆಗೆ ತಿಂಗಳಿಗೆ 518 ಡಾಲರ್ ಇತ್ತು. ಗಂಡ ಹೆಂಡತಿ ಇಬ್ಬರಿಗೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ.

ಧರ್ಮಸೇವೆಯನ್ನು ಬಿಟ್ಟು ಬೇರೆ ದುಡಿಮೆಯಿಲ್ಲದ ಇಮಾಮರ ಮನೆಯಲ್ಲಿ ಆ ಒಂದು ಸಹಿ ಇದೆಲ್ಲವನ್ನೂ ಇಲ್ಲವಾಗಿಸುತ್ತದೆ. ಹಣ ಉಳಿತಾಯವಾಗುತ್ತದೆ ನಿಜ. ಉಳಿದ ಹಣವನ್ನು ಪ್ರತಿ ವರ್ಷವೂ ಬದಿಗಿಟ್ಟು ಮನೆಯನ್ನೋ ಹಲಾಲ್ ಹೂಡಿಕೆಯನ್ನೋ ಮಾಡಿದವರೂ ಇರಬಹುದು. ಆದರೆ ಸಂಬಳವೇ ಕಡಿಮೆಯಿರುವ ಮನೆಯಲ್ಲಿ ಉಳಿದ ಹಣ ಎಲ್ಲಿಗೆ ಹೋಗುತ್ತದೆ ಎಂಬುದು ಅಡುಗೆಮನೆ ನಡೆಸುವ ನಿಮಗೆ ನಾನು ಹೇಳಬೇಕಾಗಿಲ್ಲ.

ಶರೀಅತ್ ಏನು ಹೇಳುತ್ತದೆ?

"ವಿಮೆ ಹರಾಮ್, ಆದುದರಿಂದ ಸರಕಾರದ ಪಿಂಚಣಿಯೂ ಹರಾಮ್" ಎಂಬ ವಾದವನ್ನು ಈ ಫಾರಂಗೆ ಆಧಾರವಾಗಿ ಇಡುವವರಿರಬಹುದು. ಫಿಕ್ಹ್ ಸ್ವಲ್ಪವಾದರೂ ಓದಿದವರು ಇಲ್ಲಿ ಎರಡನ್ನು ಬೇರೆ ಬೇರೆಯಾಗಿಯೇ ನೋಡುತ್ತಾರೆ.

ವಿದ್ವಾಂಸರಿಗೆ ಆಕ್ಷೇಪವಿರುವುದು ಲಾಭಕ್ಕಾಗಿ ನಡೆಯುವ ವಾಣಿಜ್ಯ ವಿಮೆಯ ಬಗ್ಗೆ. ಅದರಲ್ಲಿ ಅನಿಶ್ಚಿತತೆ ಇದೆ, ಬಡ್ಡಿ ಇದೆ, ಜೂಜಿನ ಛಾಯೆ ಇದೆ ಎಂಬುದು ಕಾರಣ. ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ 1985ರಲ್ಲಿ ವಾಣಿಜ್ಯ ವಿಮೆಯನ್ನು ನಿಷಿದ್ಧವೆಂದಿತು. ಪರಸ್ಪರ ಸಹಕಾರದ ವಿಮೆಯನ್ನು ಅದೇ ಅಕಾಡೆಮಿ ಒಪ್ಪಿತು. ಅದಕ್ಕೂ 20 ವರ್ಷ ಮೊದಲು, 1965ರಲ್ಲಿ, ಅಲ್ ಅಝ್‌ಹರ್‌ನ ಇಸ್ಲಾಮೀ ಸಂಶೋಧನಾ ಅಕಾಡೆಮಿಯ ಕೈರೋ ಸಮ್ಮೇಳನವು ಸರಕಾರಿ ಪಿಂಚಣಿ ಮತ್ತು ಅದರಂತಹ ಸಾಮಾಜಿಕ ಭದ್ರತೆಯ ವ್ಯವಸ್ಥೆ ಅನುವದನೀಯವೆಂದು ತೀರ್ಮಾನಿಸಿತ್ತು. ಸೌದಿಯ ಹಿರಿಯ ಉಲಮಾಗಳ ಸಮಿತಿ 1977ರಲ್ಲಿ ವಾಣಿಜ್ಯ ವಿಮೆಯನ್ನು ತಿರಸ್ಕರಿಸಿದಾಗಲೂ ಪಿಂಚಣಿಯನ್ನು ಅದರೊಡನೆ ಸೇರಿಸಲಿಲ್ಲ. ಪಿಂಚಣಿ ಎಂಬುದು ಪ್ರಜೆಗಳ ಹೊಣೆ ಹೊತ್ತ ಆಡಳಿತ ಕೊಡುವ ಹಕ್ಕು, ಅದು ವ್ಯಾಪಾರದ ಕರಾರಲ್ಲ ಎಂಬುದು ಅವರ ವಿವರಣೆ.

ಈಗ ಫಾರಂ 4361ನ್ನು ಮತ್ತೆ ಕೈಗೆತ್ತಿಕೊಳ್ಳಿ. ಅದು ಕೇಳುವುದು ಸಾರ್ವಜನಿಕ ವಿಮೆಗೆ ವಿರೋಧವಿದೆಯೇ ಎಂದು. ಖಾಸಗಿ ಕಂಪೆನಿಯ ಜೀವವಿಮೆಗೆ ಅದರಲ್ಲಿ ತಡೆಯೇನೂ ಇಲ್ಲ. ಸಹಿ ಹಾಕಿದವರು ಮರುದಿನವೇ ಖಾಸಗಿ ವಿಮೆ ಕೊಳ್ಳಬಹುದು! ಎಂಥಾ ವಿಚಿತ್ರ ನೋಡಿ. ನಮ್ಮ ಬಹುಪಾಲು ವಿದ್ವಾಂಸರು ಬೇಡವೆಂದದ್ದಕ್ಕೆ ಅಲ್ಲಿ ಬಾಗಿಲು ತೆರೆದೇ ಇದೆ, ಅವರು ಅಡ್ಡಿಯಿಲ್ಲವೆಂದದ್ದನ್ನು 'ಧಾರ್ಮಿಕ ಕಾರಣದಿಂದ' ಬಿಡಬೇಕು. ಒಬ್ಬ ಮುಸ್ಲಿಮ್ ಆಲಿಮರು ಯಾವ ಗ್ರಂಥದ ಆಧಾರದಲ್ಲಿ ಈ ಘೋಷಣೆಗೆ ಸಹಿ ಹಾಕುತ್ತಾರೆ ಎಂಬುದು ನನಗೆ ಅರ್ಥವಾಗದ ಸಂಗತಿ. ಸರಕಾರದ ಆ ನಿಧಿ ಬಡ್ಡಿಯ ಸಾಲಪತ್ರಗಳಲ್ಲಿದೆ ಎಂಬ ಆಕ್ಷೇಪ ಒಂದಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಡ್ಡಾಯವಾಗಿ ಮುರಿದುಕೊಂಡ ಹಣದ ಮೇಲೆ ಸಿಗುವ ಹೆಚ್ಚುವರಿಯ ಬಗ್ಗೆ ಮುಫ್ತಿ ಮುಹಮ್ಮದ್ ಶಫೀ ಅವರು ಪ್ರಾವಿಡೆಂಟ್ ಫಂಡಿನ ವಿಷಯದಲ್ಲಿ ಬರೆದದ್ದನ್ನು ಓದಿದರೆ, ಆ ಹಣವನ್ನು ಬಡ್ಡಿ ಎನ್ನಲಾಗದು ಎಂಬ ಅಭಿಪ್ರಾಯ ನಮ್ಮ ಉಪಖಂಡದ ಉಲಮಾಗಳಲ್ಲೇ ಇರುವುದು ಗೊತ್ತಾಗುತ್ತದೆ.

ಇಮಾಮರ ಜೀವನೋಪಾಯಕ್ಕೂ ಬೈತುಲ್ ಮಾಲಿಗೂ ಇರುವ ನಂಟು ಹಳೆಯದು. ಇಮಾಮತ್ ಮಾಡಲು, ಕುರ್‌ಆನ್ ಕಲಿಸಲು ಸಂಬಳ ಪಡೆಯಬಾರದು ಎಂಬುದು ಹನಫೀ ಮದ್‌ಹಬಿನ ಮೊದಲ ಇಮಾಮರ ಅಭಿಪ್ರಾಯವಾಗಿತ್ತು. ಮುಂದಿನವರು ಅದನ್ನು ಅನುವದಿಸಿದರು. ಯಾಕೆ? ಮೊದಲು ಅವರಿಗೆ ಬೈತುಲ್ ಮಾಲಿನಿಂದ ವೃತ್ತಿವೇತನ ಸಿಗುತ್ತಿತ್ತು. ಅದು ನಿಂತುಹೋದಾಗ ಸಂಬಳವಿಲ್ಲದೆ ಬೋಧನೆಯೇ ನಿಂತುಬಿಡುವ ಅಪಾಯ ಬಂತು. ಅಂದರೆ ಸಾರ್ವಜನಿಕ ಖಜಾನೆಯಿಂದ ಪಡೆಯುವುದು ಮೊದಲ ಕಾಲದಲ್ಲಿ ಸಹಜವಾಗಿತ್ತು, ಜನರಿಂದ ಸಂಬಳ ಪಡೆಯುವುದು ನಂತರ ಅನಿವಾರ್ಯವಾಗಿ ಬಂದದ್ದು. ಇಂದು ಕೆಲವರ ಮನಸ್ಸಿನಲ್ಲಿ ಇದು ತಿರುವುಮುರುವಾಗಿದೆ.

ಖಲೀಫಾ ಉಮರ್(ರ) ಅವರು ದೀವಾನ್ ಎಂಬ ದಾಖಲೆ ಪುಸ್ತಕ ಇರಿಸಿ ಜನರಿಗೆ ವಾರ್ಷಿಕ ವೇತನ ನಿಗದಿ ಮಾಡಿದ್ದನ್ನು ನೀವು ಮದ್ರಸದ ಚರಿತ್ರೆಯಲ್ಲಿ ಕಲಿತಿರಬಹುದು. ಮೊದಲು ಮಕ್ಕಳಿಗೆ ಮೊಲೆಹಾಲು ಬಿಡಿಸಿದ ನಂತರವೇ ವೇತನ ಎಂದಿತ್ತು. ಒಂದು ರಾತ್ರಿ ಮಗುವೊಂದು ಬಿಡದೆ ಅಳುವುದನ್ನು ಕೇಳಿ ವಿಚಾರಿಸಿದಾಗ, ವೇತನ ಬೇಗ ಸಿಗಲೆಂದು ತಾಯಿ ಹಾಲು ಬಿಡಿಸಲು ನೋಡುತ್ತಿರುವುದು ತಿಳಿಯಿತು. ಅಂದಿನಿಂದ ಹುಟ್ಟಿದ ಕೂಡಲೇ ಮಗುವಿನ ಹೆಸರು ದೀವಾನಿಗೆ ಸೇರಿತು. ಭಿಕ್ಷೆ ಬೇಡುತ್ತಿದ್ದ ಮುದಿ ಯಹೂದಿಯನ್ನು ಕಂಡು ಬೈತುಲ್ ಮಾಲಿನಿಂದ ಅವನಿಗೆ ವ್ಯವಸ್ಥೆ ಮಾಡಿದ ಘಟನೆಯನ್ನು ಇಮಾಮ್ ಅಬೂ ಯೂಸುಫ್ ಅವರು ಕಿತಾಬುಲ್ ಖರಾಜ್‌ನಲ್ಲಿ ದಾಖಲಿಸಿದ್ದಾರೆ. ಸಅದ್ ಬಿನ್ ಅಬೀ ವಕ್ಕಾಸ್(ರ) ಕಾಯಿಲೆ ಬಿದ್ದು ಸೊತ್ತನ್ನೆಲ್ಲಾ ದಾನ ಮಾಡಲು ಹೊರಟಾಗ, ಮೂರನೇ ಒಂದು ಪಾಲಿಗಿಂತ ಹೆಚ್ಚು ಬೇಡ, ವಾರಸುದಾರರನ್ನು ಕೈಚಾಚುವ ಸ್ಥಿತಿಯಲ್ಲಿ ಬಿಟ್ಟುಹೋಗುವುದು ಒಳ್ಳೆಯದಲ್ಲ ಎಂದು ಪ್ರವಾದಿವರ್ಯರು(ಸ) ತಿಳಿಸಿದ ಹದೀಸ್ ಬುಖಾರಿಯಲ್ಲಿದೆ. ದಾನಕ್ಕೇ ಮಿತಿ ಹಾಕಿದ ದೀನ್, ತೆರಿಗೆ ಉಳಿಸಲು ಮಡದಿಯ ಹಕ್ಕನ್ನು ಬಿಟ್ಟುಕೊಡಿ ಎಂದು ಹೇಳೀತೇ?

ಮೂರು ಬಾರಿ ತೆರೆದ ಬಾಗಿಲು

ಈಗ ಮೂಲ ಪ್ರಶ್ನೆಗೆ ಬರೋಣ. ಹೊರಗೆ ಬಂದವರು ಮರಳಿ ಸೇರಬಹುದೇ?

ಅರ್ಜಿಯಲ್ಲೇ ಹೇಳಿರುವಂತೆ ಒಮ್ಮೆ ಮಂಜೂರಾದ ವಿನಾಯಿತಿಯನ್ನು ಹಿಂದಕ್ಕೆ ಪಡೆಯಲಾಗದು. ಇಲ್ಲೂ ಆಮಿಶ್ ಜನರಿಗೂ ಇಮಾಮರಿಗೂ ವ್ಯತ್ಯಾಸವಿದೆ. ಆಮಿಶ್ ವ್ಯಕ್ತಿ ತನ್ನ ಪಂಗಡವನ್ನು ಬಿಟ್ಟರೆ ಅವನ ವಿನಾಯಿತಿ ಕೊನೆಯಾಗಿ ಅವನು ವ್ಯವಸ್ಥೆಯ ಒಳಗೆ ಬರುತ್ತಾನೆ. ಧರ್ಮಗುರು ತನ್ನ ಅಭಿಪ್ರಾಯ ಬದಲಾಗಿದೆ ಎಂದು ಎಷ್ಟು ಹೇಳಿದರೂ ಧರ್ಮಸೇವೆಯ ಸಂಪಾದನೆಯ ಮಟ್ಟಿಗೆ ಅವರು ಹೊರಗೇ. ಮಸೀದಿ ಬದಲಾಯಿಸಿದರೂ, ಬೇರೆ ರಾಜ್ಯಕ್ಕೆ ಹೋದರೂ ವಿನಾಯಿತಿ ಬೆನ್ನ ಹಿಂದೆಯೇ ಬರುತ್ತದೆ.

ಆದರೆ ಅಮೆರಿಕದ ಸಂಸತ್ತು ಮೂರು ಬಾರಿ ಕನಿಕರ ತೋರಿಸಿತು. 1977ರ ಕಾನೂನು ಮೊದಲ ಅವಕಾಶ ಕೊಟ್ಟಿತು. 1986ರ ತೆರಿಗೆ ಸುಧಾರಣಾ ಕಾನೂನು ಎರಡನೆಯದು; ಅದರ ಅವಧಿ 1988ರ ಏಪ್ರಿಲಿನಲ್ಲಿ ಮುಗಿಯಿತು. ಮೂರನೆಯದು 1999ರ ಡಿಸೆಂಬರಿನಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ಕಾನೂನಿನಲ್ಲಿ ಬಂತು. 2000ದ ಜನವರಿಯಿಂದ ಎರಡು ವರ್ಷ, ಅಂದರೆ ಸಾಮಾನ್ಯವಾಗಿ 2002ರ ಏಪ್ರಿಲ್ 15ರೊಳಗೆ ಫಾರಂ 2031 ಸಲ್ಲಿಸಿದವರು ಮರಳಿ ಸೇರಬಹುದಿತ್ತು. ಹಿಂದಿನ ವರ್ಷಗಳ ತೆರಿಗೆಯನ್ನೆಲ್ಲಾ ಕಟ್ಟಬೇಕಾಗಿರಲಿಲ್ಲ. ಸೇರಿದ ವರ್ಷದಿಂದ ಕಟ್ಟಿದರೆ ಸಾಕಿತ್ತು, ಲೆಕ್ಕವೂ ಅಲ್ಲಿಂದಲೇ ಶುರು. ಷರತ್ತು ಒಂದೇ: ಹೀಗೆ ಮರಳಿದವರಿಗೆ ಮತ್ತೆಂದೂ ವಿನಾಯಿತಿ ಇಲ್ಲ.

2002ರ ಬಳಿಕ 20 ವರ್ಷಗಳಿಗೂ ಹೆಚ್ಚು ಕಾಲ ಆ ಬಾಗಿಲು ಮುಚ್ಚಿಯೇ ಇತ್ತು. ಇನ್ನೊಮ್ಮೆ ತೆರೆಯಬೇಕೆಂದು ಸಂಸತ್ತಿನಲ್ಲಿ ಮಸೂದೆಗಳು ಮಂಡನೆಯಾಗಿವೆ. ಆದುದರಿಂದ ಅಲ್ಲಿರುವ ನಮ್ಮವರು ಆಗಾಗ ತೆರಿಗೆ ಸಲಹೆಗಾರರಲ್ಲಿ ವಿಚಾರಿಸುತ್ತಿರುವುದು ಒಳ್ಳೆಯದು. ಹಿಂದಿನ ಅವಧಿಗಳಂತೆ ಅದು ತೆರೆದರೂ ಒಂದೆರಡು ವರ್ಷಕ್ಕಷ್ಟೇ.

ಯಾಕಿಷ್ಟು ಬಿಗಿ ಎಂದು ಕೇಳಿದರೆ ಅದರಲ್ಲೂ ನ್ಯಾಯವಿದೆ. ಯೌವನದಲ್ಲಿ ತೆರಿಗೆ ಉಳಿಸಿಕೊಂಡು, ಮುಪ್ಪು ಹತ್ತಿರವಾದಾಗ ಹತ್ತು ವರ್ಷ ಕಟ್ಟಿ ಪಿಂಚಣಿ ಪಡೆಯುವುದಾದರೆ ಮೊದಲಿನಿಂದಲೂ ಕಟ್ಟಿದವರಿಗೆ ಅನ್ಯಾಯವಲ್ಲವೇ? ಅಲ್ಲಿನ ಪಿಂಚಣಿಯ ಲೆಕ್ಕ ಹೆಚ್ಚು ಗಳಿಸಿದ 35 ವರ್ಷಗಳ ಸರಾಸರಿಯ ಮೇಲೆ ನಡೆಯುತ್ತದೆ, ಕಡಿಮೆ ಸರಾಸರಿ ಇದ್ದವರಿಗೆ ಕಟ್ಟಿದ್ದಕ್ಕೆ ಹೋಲಿಸಿದರೆ ಹೆಚ್ಚೇ ಸಿಗುತ್ತದೆ. ತಡವಾಗಿ ಸೇರಿದವರು ಅದರ ಲಾಭ ಪಡೆಯುತ್ತಾರೆ ಎಂಬುದು ಸುಳ್ಳಲ್ಲ. ಆದರೂ ಬಾಗಿಲು ತೆರೆಯುವುದೇ ಸರಿ ಎನ್ನುತ್ತೇನೆ ನಾನು. ಹೊರಗುಳಿದಾಗ ತಪ್ಪು ಸಲಹೆ ಕೊಟ್ಟವರು ಯಾರೋ, ಸಹಿ ಹಾಕಿದವರು ಯಾರೋ, ಅನುಭವಿಸುವವಳು ಆ ಕಾಗದವನ್ನು ಕಣ್ಣಿನಿಂದಲೂ ನೋಡದ ಮಡದಿ. ಹಣಕ್ಕಾಗಿ ಮಾತ್ರ ಸಹಿ ಹಾಕಿದವರ ಅರ್ಜಿ ಮೊದಲಿನಿಂದಲೇ ಅಸಿಂಧು ಎಂಬ ಒಂದು ವಾದವೂ ಇದೆ. ಅದನ್ನು ಎತ್ತಬೇಕಾದರೆ ತಾನು ಹೇಳಿದ್ದು ಸುಳ್ಳೆಂದು ಒಪ್ಪಬೇಕು, ಹಳೆಯ ತೆರಿಗೆಯ ಪ್ರಶ್ನೆಯೂ ಏಳಬಹುದು. ವಕೀಲರನ್ನು ಕಾಣದೆ ಆ ದಾರಿಗೆ ಇಳಿಯಬಾರದು.

ಉಳಿದಿರುವ ಒಳದಾರಿಗಳು

ಬಾಗಿಲು ಮುಚ್ಚಿದೆ ಎಂದು ಎಲ್ಲವೂ ಮುಗಿಯಲಿಲ್ಲ. ವಿನಾಯಿತಿ ಇರುವುದು ಧರ್ಮಸೇವೆಯ ಸಂಪಾದನೆಗೆ ಮಾತ್ರ. ಇಮಾಮರು ಜೊತೆಗೆ ಅಂಗಡಿಯಲ್ಲಿ, ಕಚೇರಿಯಲ್ಲಿ ದುಡಿದರೆ, ಟ್ಯಾಕ್ಸಿ ಓಡಿಸಿದರೆ ಆ ಸಂಪಾದನೆಯಿಂದ ತೆರಿಗೆ ಹೋಗುತ್ತದೆ, ಅಂಶಗಳೂ ಸೇರುತ್ತವೆ. 2025ರಲ್ಲಿ 1,810 ಡಾಲರ್ ಸಂಪಾದನೆಗೆ ಒಂದು ಅಂಶ, ವರ್ಷಕ್ಕೆ ನಾಲ್ಕೇ ಅಂಶ. ವರ್ಷಕ್ಕೆ 7,240 ಡಾಲರ್ ಸಂಪಾದನೆ ಇದ್ದರೆ ನಾಲ್ಕೂ ಸಿಗುತ್ತಿತ್ತು. ಹತ್ತು ವರ್ಷ ಹೀಗೆ ದುಡಿದವರಿಗೆ ಸಣ್ಣದಾದರೂ ಪಿಂಚಣಿ ಉಂಟು, ಮೆಡಿಕೇರ್ ಉಂಟು. ಸೇನೆಯಲ್ಲೋ ಸರಕಾರಿ ಜೈಲಿನಲ್ಲೋ ನೌಕರರಾಗಿ ಧರ್ಮಗುರುವಿನ ಕೆಲಸ ಮಾಡಿದರೆ ಕಾನೂನು ಅದನ್ನು ಸರಕಾರಿ ನೌಕರಿ ಎಂದೇ ಪರಿಗಣಿಸುತ್ತದೆ. ಅಮೆರಿಕದ ಸೇನೆಯಲ್ಲಿ 1993ರಿಂದ ಮುಸ್ಲಿಮ್ ಧರ್ಮಗುರುಗಳಿದ್ದಾರೆ.

ಎರಡನೆಯ ದಾರಿ ಮಡದಿಯದು. ಆಕೆ ಶಾಲೆಯಲ್ಲೋ ಆಸ್ಪತ್ರೆಯಲ್ಲೋ ಹೊಲಿಗೆಯ ಅಂಗಡಿಯಲ್ಲೋ ದುಡಿದು ಸ್ವಂತ ಲೆಕ್ಕದಲ್ಲಿ 40 ಅಂಶ ಮಾಡಿಕೊಂಡರೆ ಆಕೆಗೆ ಪಿಂಚಣಿ. ಅಷ್ಟೇ ಅಲ್ಲ, ಆಕೆಯ ಲೆಕ್ಕದಲ್ಲಿ ಗಂಡನಿಗೂ ಅರ್ಧದವರೆಗೆ ಸಿಗುತ್ತದೆ, ಆಕೆಗೆ 62 ಆಗಿದ್ದರೆ 65ರ ಗಂಡನಿಗೆ ಮೆಡಿಕೇರಿನ ಆಸ್ಪತ್ರೆ ಭಾಗವೂ ಉಚಿತ. "ಇಮಾಮರ ಹೆಂಡತಿ ಕೆಲಸಕ್ಕೆ ಹೋಗುವುದೇ?" ಎಂದು ಹುಬ್ಬೇರಿಸುವವರಿಗೆ ಇದನ್ನು ಹೇಳಿಬಿಡಿ. ವರ್ಷವರ್ಷದ ಸಂಪಾದನೆಯ ದಾಖಲೆಯನ್ನು ಸಾಮಾಜಿಕ ಭದ್ರತೆಯ ಇಲಾಖೆಯ ವೆಬ್‌ಸೈಟಿನಲ್ಲಿ ತಮ್ಮ ಖಾತೆ ತೆರೆದು ಯಾರೂ ನೋಡಬಹುದು. ದುಡಿದ ವರ್ಷದ ಎದುರು ಸೊನ್ನೆ ಕಂಡರೆ ಕೂಡಲೇ ಕೇಳಬೇಕು. ಸಾಮಾನ್ಯವಾಗಿ ಆ ವರ್ಷ ಮುಗಿದು 3 ವರ್ಷ, 3 ತಿಂಗಳು, 15 ದಿನಗಳ ಒಳಗೆ ಮಾತ್ರ ತಿದ್ದುಪಡಿಗೆ ಅವಕಾಶ.

ಅಮೆರಿಕಕ್ಕೆ ಹೊಸತಾಗಿ ಹೋಗುವ ಆಲಿಮರ ಮನೆಯವರು ಈ ಲೇಖನ ಓದುತ್ತಿದ್ದರೆ ಇಷ್ಟು ಮಾಡಿ. ಮಸೀದಿಯ ಕಮಿಟಿಯೊಡನೆ ಸಂಬಳದ ಮಾತುಕತೆಯಾಗುವಾಗಲೇ ಆ ಶೇ. 15.3ರಲ್ಲಿ ಅರ್ಧವನ್ನಾದರೂ ಭತ್ಯೆಯಾಗಿ ಸೇರಿಸಲು ಕೇಳಿ. ಎಲ್ಲಾ ಮಾಲಕರೂ ತಮ್ಮ ನೌಕರರಿಗೆ ಕಟ್ಟುವುದನ್ನು ಮಸೀದಿ ತನ್ನ ಇಮಾಮರಿಗೆ ಕೊಡುವುದರಲ್ಲಿ ಕಮಿಟಿಯವರಿಗೆ ಆಕ್ಷೇಪ ಇರಬಾರದು.

ನಮ್ಮ ಮಸೀದಿಗಳ ಮಾತು

ನಮ್ಮಲ್ಲಿ ಬಿಟ್ಟು ಬರುವ ಪ್ರಶ್ನೆಯಿಲ್ಲ, ಯಾಕೆಂದರೆ ಸೇರಿಸಿದವರೇ ಇಲ್ಲ. ಇಮಾಮರಿಗೆ ವಕ್ಫ್ ಮಂಡಳಿಗಳು ವೇತನ ಕೊಡಬೇಕೆಂದು ಸುಪ್ರೀಂ ಕೋರ್ಟು 1993ರಲ್ಲಿ ತೀರ್ಪು ಕೊಟ್ಟಿತು. ಕರ್ನಾಟಕ ಸರಕಾರದ 2025ರ ಬಜೆಟಿನಲ್ಲಿ ಪೇಶ್ ಇಮಾಮರ ಗೌರವಧನವನ್ನು ತಿಂಗಳಿಗೆ 6,000 ರೂಪಾಯಿಗೆ, ಮುಅಝ್ಝಿನರದ್ದನ್ನು 5,000ಕ್ಕೆ ಏರಿಸುವುದಾಗಿ ಘೋಷಿಸಲಾಯಿತು. ಅದು ದುಡಿಯುತ್ತಿರುವವರಿಗೆ. ಪಕ್ಕದ ಕೇರಳದಲ್ಲಿ ಮದ್ರಸ ಅಧ್ಯಾಪಕರಿಗಾಗಿ ಕ್ಷೇಮನಿಧಿ ಇದೆ, 2019ರಲ್ಲಿ ಅದಕ್ಕೆ ಕಾನೂನಿನ ಬಲವೂ ಬಂತು. ಅಧ್ಯಾಪಕರು ಒಂದು ಪಾಲು, ಆಡಳಿತ ಕಮಿಟಿ ಒಂದು ಪಾಲು ಕಟ್ಟುತ್ತಾರೆ, ವಯಸ್ಸಾದಾಗ ಪಿಂಚಣಿ. ಬಡ್ಡಿಯ ಆಕ್ಷೇಪ ಬರಬಾರದೆಂದು ಆ ಹಣವನ್ನು ಸರಕಾರಿ ಖಜಾನೆಯಲ್ಲಿ ಬಡ್ಡಿರಹಿತವಾಗಿ ಇರಿಸಿದರು. ಕೇಳಿದರೆ ದಾರಿ ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೇ?

ತಿಂಗಳಿಗೆ 15,000 ರೂಪಾಯಿಗಿಂತ ಹೆಚ್ಚು ಆದಾಯವಿಲ್ಲದ ಅಸಂಘಟಿತ ದುಡಿಮೆಗಾರರಿಗಾಗಿ ಕೇಂದ್ರ ಸರಕಾರ 2019ರಲ್ಲಿ ಆರಂಭಿಸಿದ ಶ್ರಮಯೋಗಿ ಮಾನಧನ್ ಯೋಜನೆಯ ಬಗ್ಗೆ ನಿಮ್ಮ ಮಸೀದಿಯ ಉಸ್ತಾದರ ಮಡದಿಯೊಡನೆ ಒಮ್ಮೆ ಮಾತನಾಡಿ. ಸೇರುವ ವಯಸ್ಸಿಗೆ ಅನುಗುಣವಾಗಿ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟುವುದು, ಅಷ್ಟನ್ನೇ ಸರಕಾರ ಸೇರಿಸುವುದು, 60ರ ನಂತರ ತಿಂಗಳಿಗೆ 3,000 ರೂಪಾಯಿ, ತೀರಿಕೊಂಡರೆ ಮಡದಿಗೆ ಅದರ ಅರ್ಧ ಎಂಬುದು ಅದರ ಲೆಕ್ಕ. ಮಧ್ಯದಲ್ಲಿ ಕಂತು ತಪ್ಪಿದವರು ಬಾಕಿಯನ್ನು ದಂಡದೊಡನೆ ಕಟ್ಟಿ ಮುಂದುವರಿಸಬಹುದು ಎಂದೂ ನಿಯಮದಲ್ಲಿದೆ. ಇದು ಕಡ್ಡಾಯದ ಯೋಜನೆಯಲ್ಲ, ಸ್ವಇಚ್ಛೆಯದ್ದು. ಆದುದರಿಂದ ಬಡ್ಡಿಯ ವಿಷಯದಲ್ಲಿ ಉಲಮಾಗಳ ಅಭಿಪ್ರಾಯ ಒಂದೇ ಆಗಿರದು. ನಿಮ್ಮ ಊರಿನ ಮುಫ್ತಿಯವರಲ್ಲಿ ವಿವರ ಇಟ್ಟು ಕೇಳಿ. ಆದರೆ ಬೇಗ ಕೇಳಿ. ಇದಕ್ಕೆ ಸೇರುವ ವಯಸ್ಸು 18ರಿಂದ 40ರೊಳಗೆ ಮಾತ್ರ, ಮಸೀದಿಯ ಕ್ವಾರ್ಟರ್ಸಿನಲ್ಲಿರುವ ಎಷ್ಟೋ ಉಸ್ತಾದರು ಅದನ್ನು ದಾಟುವ ಹಂತದಲ್ಲಿದ್ದಾರೆ.